ಚುಚ್ಚಿಕೊಂಡಳೋ, ಚುಚ್ಚಿತೋ?

ಕಳೆದ ತಿಂಗಳು ನಮ್ಮ ಐಚ್ಛಿಕ ಕನ್ನಡ ತರಗತಿಯ ವಿದ್ಯಾರ್ಥಿನಿಯೊಬ್ಬಳು ಅರ್ಜಿಯೊಂದನ್ನು ಮರಾಠಿಗೆ ಅನುವಾದಿಸಿಕೊಡುವಂತೆ ಕೋರಿ ಬಂದಿದ್ದಳು. ಆಕೆಯ ತಾಯಿ ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲೆ ಸ್ವಚ್ಛತಾ ಕೆಲಸ ಮಾಡುವವರು. 'ಕಸದ ಚೀಲ ಎತ್ತುವಾಗ ತಾಯಿ ಕೈಗೆ ಸೂಜಿ ಚುಚ್ಚಿಕೊಂಡಳು' ಎಂದು ಅರ್ಜಿಯಲ್ಲಿತ್ತು. ಎರಡೂ ಭಾಷೆಗಳಲ್ಲಿ ಶಾಲೆ ಕಲಿತವನಾದ ನಾನು ಯೋಚಿಸದೆಯೇ 'ಸುಈ ಟೋಚಲೀ' ಎಂದು ಬರೆದೆ. ಬರೆದ ಮೇಲೆ ನೋಡಿದರೆ ವಾಕ್ಯದ ಕರ್ತೃವೇ ಬದಲಾಗಿತ್ತು. ತಾಯಿಯ ಸ್ಥಾನಕ್ಕೆ ಸೂಜಿ ಬಂದಿತ್ತು.

'ಸೂಜಿ ಚುಚ್ಚಿತು' ಎಂದು ಕನ್ನಡದಲ್ಲಿಯೂ ಹೇಳಬಹುದು. ಆದರೆ ನಾವು ಹಾಗೆ ಹೇಳುವುದು ಕಡಿಮೆ. 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದವು ಸದಾ ಇಚ್ಛೆಯನ್ನೇ ಸೂಚಿಸುವುದಿಲ್ಲ ಎಂದು ವೈಯಾಕರಣರು ವಾದಿಸಿಯಾರು. ಒಪ್ಪುತ್ತೇನೆ. ಆದರೂ ಕೈ ಸುಟ್ಟುಕೊಂಡ, ಕಾಲು ಮುರಿದುಕೊಂಡ ಎನ್ನುವಾಗ ತಪ್ಪಿನ ನೆರಳು ಗಾಯಗೊಂಡವನ ಮೇಲೆಯೇ ಬೀಳುತ್ತದೆ. ಮೇಲ್ವಿಚಾರಕನ ಮೊದಲ ಪ್ರಶ್ನೆಯೂ ಅದೇ ವ್ಯಾಕರಣದ್ದು: 'ಕಣ್ಣು ಕಾಣಿಸುವುದಿಲ್ಲವೇ?'

ಆ ಸೂಜಿ ಕಸದ ಚೀಲದೊಳಗೆ ಹೇಗೆ ಬಂತು? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಸೂಜಿಯು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಯನ್ನೇ ಸೇರಬೇಕು. ಅದು ತುಂಬಿತ್ತೋ, ದೂರವಿತ್ತೋ, ರಾತ್ರಿಪಾಳಿಯಲ್ಲಿ ಒಬ್ಬರೇ ಇದ್ದ ದಾದಿಗೆ ಅಲ್ಲಿಯವರೆಗೆ ಹೋಗಲು ಬಿಡುವಿರಲಿಲ್ಲವೋ. ಅಜಾಗರೂಕತೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಚೀಲ ಎತ್ತಿದವಳು ಆ ಸೂಜಿಯನ್ನು ಕಂಡೇ ಇರಲಿಲ್ಲ.

ಬೈಗುಳಕ್ಕೂ ಕೆಲಸ ಹೋಗುವ ಭಯಕ್ಕೂ ಅಂಜಿ ಆ ತಾಯಿ ಎರಡು ದಿನ ಯಾರಿಗೂ ಹೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಗಾಯಕ್ಕಿಂತ ಈ ಮೌನವೇ ಅಪಾಯಕಾರಿ. ಸೋಂಕಿತರ ರಕ್ತ ತಗುಲಿದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 6ರಿಂದ 30. ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಎರಡು ಗಂಟೆಯಲ್ಲಿಯೇ ಆರಂಭಿಸಿ 28 ದಿನ ಸೇವಿಸಬೇಕು. ಎರಡು ದಿನವೆಂದರೆ 48 ಗಂಟೆ.

ಸೋಂಕಿನ ಅಪಾಯವಿರುವ ಕೆಲಸದಲ್ಲಿ ತರಬೇತಿ, ರಕ್ಷಣಾ ಸಾಮಗ್ರಿ, ಆ ಮಾತ್ರೆ ಎಲ್ಲವನ್ನೂ ಒದಗಿಸುವ ಹೊಣೆಯನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಸಂಸ್ಥೆಯ ಮೇಲೆಯೇ ಹೊರಿಸಿದೆ. ತ್ಯಾಜ್ಯ ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದೂ ನಿಯಮದಲ್ಲಿದೆ. ಆದರೆ ಆಸ್ಪತ್ರೆಯ ಗೋಡೆಯ ಸೂಚನೆಗಳು ಇಂಗ್ಲಿಷಿನಲ್ಲಿವೆ, ಕೆಲವು ಮರಾಠಿಯಲ್ಲಿ. ಆ ತಾಯಿ ಓದಬಲ್ಲದ್ದು ಕನ್ನಡವೊಂದನ್ನೇ. ಅನುವಾದದ ಪ್ರಶ್ನೆಪತ್ರಿಕೆಗೆ ಸಿದ್ಧರಾಗುತ್ತಿರುವ ನೀವು ಆ ಹತ್ತು ಸಾಲುಗಳನ್ನು, ಮನೆಯಲ್ಲಿ ಆಡುವ ಕನ್ನಡದಲ್ಲಿ, ಒಂದು ಮಧ್ಯಾಹ್ನದಲ್ಲಿ ಬರೆಯಬಲ್ಲಿರಿ. ಗಾಯವನ್ನು ವರದಿ ಮಾಡುವ ನಮೂನೆಯಲ್ಲಿ 'ಯಾರು ಚುಚ್ಚಿಕೊಂಡರು' ಎಂದಲ್ಲ, 'ಸೂಜಿ ಎಲ್ಲಿತ್ತು' ಎಂಬುದು ಮೊದಲ ಪ್ರಶ್ನೆಯಾಗಲಿ ಎಂದು ಆಡಳಿತದವರನ್ನು ಕೇಳುವುದೂ ಸಾಧ್ಯ.

ವಿದ್ಯಾರ್ಥಿನಿಯ ಕನ್ನಡ ಪ್ರತಿಯನ್ನೂ ತಿದ್ದಿಕೊಟ್ಟೆ. ಆಕೆಯ ತಾಯಿ ಈಗ ಮಾತ್ರೆಗಳನ್ನು ಮುಗಿಸಿದ್ದಾರೆ. ಹನ್ನೆರಡು ವರ್ಷ ಆ ಕೆಲಸ ಮಾಡಿದ ಮೇಲೆ ಹೆಪಟೈಟಿಸ್ ಲಸಿಕೆಯ ಮೊದಲ ಡೋಸು ದೊರೆತಿದೆ. ಇನ್ನೆರಡು ಬಾಕಿ ಇವೆ.