ಗೋಸುಂಬೆಗೆ ಬೇಲಿ ಬೇಕು, ಪಂಜರವಲ್ಲ

ಹಟ ಹಿಡಿದ ಮಕ್ಕಳನ್ನು ಸುಮ್ಮನಾಗಿಸಲು ಹಿರಿಯರು ಏನನ್ನು ಬೇಕಾದರೂ ಮನೆಗೆ ತರುತ್ತಾರೆ. ಹಿಂದೆ ಗಿಳಿ ತರುತ್ತಿದ್ದರು. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಬಂತು, ಬಿಳಿ ಮೊಲ ಬಂತು. ಈಗ ಗೋಸುಂಬೆಯ ಸರದಿ ಬಂದಿರುವಂತೆ ಕಾಣುತ್ತದೆ. ಯಾವುದೋ ದೇಶದ ಹುಡುಗನ ಹೆಗಲ ಮೇಲೆ ಕುಳಿತ ಹಸಿರು ಗೋಸುಂಬೆಯ ವಿಡಿಯೋ ನಮ್ಮ ಮಕ್ಕಳ ಮೊಬೈಲಿಗೆ ಬರುತ್ತದೆ. ಮರುದಿನವೇ ‘ನಮಗೂ ಅಂಥದೊಂದು ಬೇಕು’ ಎಂಬ ರಗಳೆ ಶುರುವಾಗುತ್ತದೆ. ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಕೇಳುವುದು ಅವರ ಧರ್ಮ. ನನ್ನ ತಕರಾರು ಇರುವುದು ‘ಆಗಲಿ’ ಎನ್ನುವ ಹಿರಿಯರೊಡನೆ.

ಕಲ್ಲೋಳಿಯ ಆಸುಪಾಸಿನಲ್ಲಿ ಹೊಲ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿ ಮಾಡಿದ್ದ. “ಸರ್, ಹುಡುಗರು ಭಾಳ ಹಟ ಮಾಡ್ಯಾವ್ರಿ. ಹೊಲದಾಗಿನ ಒಂದು ಗೋಸುಂಬಿ ಹಿಡಕೊಂಡು ಬಂದು ಸಾಕೂಣು ಅಂತ ಮಾಡೀನ್ರಿ. ಅದಕ್ಕ ಏನೇನು ತಿನ್ನಸಬೇಕು, ಸ್ವಲ್ಪ ಹೇಳ್ರಿ” ಎಂದ. ಏನು ತಿನ್ನಿಸಬೇಕು ಎಂಬುದು ಅವನ ಮೊದಲ ಪ್ರಶ್ನೆ. ಹಿಡಿಯಬಹುದೇ ಎಂಬ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ! ಅವನಿಗೆ ಹೇಳಿದ್ದನ್ನೇ, ಅಂದು ಹೇಳಲು ಉಳಿದದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಹಿಡಿಯಬಾರದು. ಇದು ನನ್ನ ಅಭಿಪ್ರಾಯವಲ್ಲ, ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹುಲಿ, ಆನೆಗಳಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಗೋಸುಂಬೆಯೂ ಆ ರಕ್ಷಣೆಗೆ ಸೇರಿದ ಪ್ರಾಣಿಯೇ. ಆ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯನ್ನು ಗಮನಿಸಬೇಕು. ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದು, ಬಲೆಯೊಡ್ಡುವುದು ಕೂಡ ಬೇಟೆಯೇ. ಪ್ರೀತಿಯಿಂದ ಹಿಡಿದೆ, ಮಕ್ಕಳಿಗಾಗಿ ಹಿಡಿದೆ ಎಂಬುದು ಅಲ್ಲಿ ಸಮಜಾಯಿಷಿಯಾಗದು. ತಂದೆಯೇ ಕಾನೂನು ಮುರಿದು ತಂದ ಪ್ರಾಣಿಯಿಂದ ಮಗು ಪ್ರಾಣಿದಯೆಯ ಪಾಠ ಕಲಿಯಲಿ ಎಂದು ಬಯಸುವುದು ಎಂಥ ವಿಪರ್ಯಾಸ! ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ನಾಗರಿಕನ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯೇ ಹೇಳುತ್ತದೆ. ಪೌರನೀತಿಯ ಪಾಠದಲ್ಲಿ ಇದನ್ನು ಎಷ್ಟು ವರ್ಷ ಬಾಯಿಪಾಠ ಮಾಡಿಸಿದ್ದೇವೋ!

ಇಲ್ಲೊಂದು ಮಾತು. ನಮ್ಮ ಕಡೆ ಓತಿಕ್ಯಾತಕ್ಕೂ ಗೋಸುಂಬೆಗೂ ವ್ಯತ್ಯಾಸ ತಿಳಿಯದವರೇ ಹೆಚ್ಚು. ಬೇಲಿಯ ಗೂಟದ ಮೇಲೆ ತಲೆ ಕುಣಿಸುತ್ತ ಕುಳಿತು, ಹತ್ತಿರ ಹೋದರೆ ಸರ್ರನೆ ಓಡುವುದು, ಬೆದೆಯ ಕಾಲದಲ್ಲಿ ಕತ್ತು ಕೆಂಪಗಾಗುವುದು ಓತಿಕ್ಯಾತ. ಗೋಸುಂಬೆ ಓಡುವುದಿಲ್ಲ. ಗಾಳಿಗೆ ಅಲುಗುವ ಎಲೆಯಂತೆ ಹಿಂದೆ ಮುಂದೆ ತೂಗುತ್ತ ಒಂದೊಂದೇ ಹೆಜ್ಜೆ ಇಡುತ್ತದೆ. ತಲೆಯ ಮೇಲೆ ಟೊಪ್ಪಿಗೆಯಂಥ ಉಬ್ಬು, ಸುರುಳಿ ಸುತ್ತಿದ ಬಾಲ, ಒಂದು ಮುಂದೆ ನೋಡಿದರೆ ಇನ್ನೊಂದು ಹಿಂದೆ ನೋಡಬಲ್ಲ ಕಣ್ಣುಗಳು, ಮೈಯಷ್ಟು ಉದ್ದವನ್ನೂ ಮೀರಿ ಚಿಮ್ಮುವ ನಾಲಿಗೆ. ಕಾಲ್ಬೆರಳುಗಳು ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಮೂರು ಕೂಡಿಕೊಂಡು ಇಕ್ಕಳದಂತೆ ಕೊಂಬೆಯನ್ನು ಹಿಡಿಯುತ್ತವೆ. ಜಗತ್ತಿನಲ್ಲಿ ಇನ್ನೂರಕ್ಕೂ ಮಿಕ್ಕಿ ಜಾತಿಯ ಗೋಸುಂಬೆಗಳಿದ್ದು, ಅರ್ಧದಷ್ಟು ಮಡಗಾಸ್ಕರ್ ಒಂದರಲ್ಲೇ ಇವೆ. ಭಾರತಕ್ಕೆ ದಕ್ಕಿರುವುದು ಒಂದೇ ಜಾತಿ, ಅದು ನಮ್ಮ ಜಾಲಿಕಂಟಿಯಲ್ಲಿ ಇರುವುದು. ಎರಡಕ್ಕೂ ವಿಷವಿಲ್ಲ, ಎರಡೂ ರಕ್ತ ಹೀರುವುದಿಲ್ಲ. ಎರಡಕ್ಕೂ ನಮ್ಮ ಹುಡುಗರು ಕಲ್ಲು ಹೊಡೆಯುತ್ತಾರೆ.

ಇನ್ನು ಬಣ್ಣದ ವಿಷಯ. ಮಕ್ಕಳಿಗೆ ಬೇಕಾಗಿರುವುದು ಅದೇ ತಾನೆ? ಕೆಂಪು ಬಟ್ಟೆಯ ಮೇಲಿಟ್ಟರೆ ಕೆಂಪು, ನೀಲಿಯ ಮೇಲಿಟ್ಟರೆ ನೀಲಿ ಆಗುತ್ತದೆಂಬುದು ಶುದ್ಧ ಸುಳ್ಳು. ಬಿಸಿಲು, ಚಳಿ, ಬೆದೆ, ಜಗಳ, ಭಯ ಇವುಗಳಿಗೆ ತಕ್ಕಂತೆ ಅದರ ಬಣ್ಣ ಬದಲಾಗುತ್ತದೆ. ಚರ್ಮದ ಕೆಲವು ಕೋಶಗಳಲ್ಲಿರುವ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾದಾಗ ಪ್ರತಿಫಲಿಸುವ ಬೆಳಕಿನ ಬಣ್ಣವೂ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರಿನ ಒಂದು ಜಾತಿಯಲ್ಲಿ 2015ರಲ್ಲಿ ತೋರಿಸಿಕೊಟ್ಟರು. (ಪಕ್ಷ ಬದಲಿಸುವ ರಾಜಕಾರಣಿಯನ್ನು ಗೋಸುಂಬೆ ಎಂದು ಬೈಯುವ ನಮ್ಮ ಪತ್ರಿಕೆಗಳು ಪಾಪದ ಪ್ರಾಣಿಗೆ ಮಾಡುವ ಅನ್ಯಾಯ ಅಷ್ಟಿಷ್ಟಲ್ಲ. ಅದರ ಬಣ್ಣ ಅದರ ಮನಸ್ಸಿನ ಸ್ಥಿತಿಯನ್ನು ತೋರಿಸುತ್ತದೆ, ರಾಜಕಾರಣಿಯದು ಮುಚ್ಚಿಡುತ್ತದೆ!) ಮಗು ಅದನ್ನು ಮುಷ್ಟಿಯಲ್ಲಿ ಹಿಡಿದಾಗ ಅದು ಮೈ ಉಬ್ಬಿಸುತ್ತದೆ, ಬಾಯಿ ತೆರೆದು ಬುಸುಗುಟ್ಟುತ್ತದೆ, ಕಪ್ಪಾಗುತ್ತದೆ. “ಬಣ್ಣ ಬದಲಿಸ್ತು!” ಎಂದು ಸುತ್ತಲಿನ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಬೀಳುತ್ತಿರುವುದು ಒಂದು ಜೀವದ ಭಯಕ್ಕೆ. ಇದನ್ನು ತಿಳಿದ ಮೇಲೂ ಯಾವ ತಂದೆ ಅದನ್ನು ಮಕ್ಕಳ ಕೈಗೆ ಕೊಟ್ಟಾನು?

ಕಾನೂನನ್ನು ಒಂದು ಕ್ಷಣ ಬದಿಗಿಡೋಣ. ಸಾಕುವುದಾದರೂ ಸುಲಭವೇ? ಬಟ್ಟಲಲ್ಲಿಟ್ಟ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುವ ಪ್ರಾಣಿ ಅದು. ಬಟ್ಟಲು ತುಂಬಿಟ್ಟು ‘ನೀರು ಇಟ್ಟಿದ್ದೇವೆ’ ಎಂದು ಮನೆಯವರು ನಿಶ್ಚಿಂತರಾಗಿರುವಾಗಲೇ ಅದು ಬಾಯಾರಿ ಸಾಯುತ್ತಿರಬಹುದು. ಜೀವಂತ ಹುಳುಗಳನ್ನೇ ಹಿಡಿದು ತಂದುಕೊಡಬೇಕು. ಔಷಧಿ ಹೊಡೆದ ಹೊಲದ ಮಿಡತೆ ಕೊಟ್ಟರೆ ವಿಷ ಕೊಟ್ಟಂತೆಯೇ. ಬಿಸಿಲಿನ ನೇರಳಾತೀತ ಕಿರಣ ಮೈಗೆ ತಾಕದಿದ್ದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಅದಕ್ಕೆಂದೇ ಮಾಡಿದ ದೀಪಗಳಿವೆ, ನಿಜ. ಆದರೆ ಬೆಳಕು ಕಾಣುತ್ತಿದ್ದರೂ ಕಿರಣದ ಶಕ್ತಿ ಕ್ರಮೇಣ ಕುಂದುವುದರಿಂದ ಅವುಗಳನ್ನು ಆಗಾಗ ಬದಲಿಸಬೇಕು, ಮೇಲೆ ನಮ್ಮೂರ ಕರೆಂಟಿನ ಕಥೆ ಗೊತ್ತೇ ಇದೆ. ಅದು ಒಂಟಿಜೀವಿ, ಗಾಜಿನಲ್ಲಿ ತನ್ನ ಪ್ರತಿಬಿಂಬವನ್ನು ಕಂಡರೂ ವೈರಿಯೆಂದು ಕಂಗೆಡುತ್ತದೆ. ಕಾಯಿಲೆಯನ್ನು ತೋರಗೊಡುವುದಿಲ್ಲ. ಕಣ್ಣು ಒಳಗೆ ಹೋದದ್ದು ನಮಗೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಹಳ್ಳಿಯ ಪಶುವೈದ್ಯರಿಗೆ ಎಮ್ಮೆ, ಆಕಳುಗಳನ್ನು ನೋಡುವಷ್ಟರಲ್ಲೇ ಹೊತ್ತು ಮುಳುಗಿರುತ್ತದೆ.

ಮಕ್ಕಳ ಆರೋಗ್ಯದ ಮಾತೂ ಇದೆ. ಸರೀಸೃಪಗಳು ನೋಡಲು ಆರೋಗ್ಯವಾಗಿದ್ದರೂ ಸಾಲ್ಮೊನೆಲ್ಲಾ ಎಂಬ ರೋಗಾಣುವನ್ನು ಹೊತ್ತಿರಬಹುದು. ಬೆರಳನ್ನು ಬಾಯಿಗಿಡುವ ಕೂಸುಗಳಿಗೆ ಇದರಿಂದ ವಾಂತಿಭೇದಿಯಷ್ಟೇ ಅಲ್ಲ, ಪ್ರಾಣಾಪಾಯವೂ ಆದೀತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸರೀಸೃಪ ಬೇಡವೆಂದು, ಸಾಕುವುದಕ್ಕೆ ಅನುಮತಿಯಿರುವ ಅಮೆರಿಕದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಅಲ್ಲಿರುವ ನಮ್ಮವರ ಮಕ್ಕಳು ಅಂಗಡಿಯಿಂದ ಯೆಮೆನ್ ಮೂಲದ ಗೋಸುಂಬೆ ತಂದು ಸಾಕುವುದುಂಟು. ಅದು ಅಲ್ಲಿನ ಕಾನೂನಿಗೆ ಬಿಟ್ಟದ್ದು. ಆದರೆ ಬೇಸರವಾದ ಮೇಲೆ ಏನು ಮಾಡುತ್ತಾರೆ? ಹವಾಯಿ ದ್ವೀಪಕ್ಕೆ ಪೂರ್ವ ಆಫ್ರಿಕದ ಮೂರು ಕೊಂಬಿನ ಗೋಸುಂಬೆ ಕಾಲಿಟ್ಟಿದ್ದು 1972ರಲ್ಲಿ, ನಮ್ಮ ಕಾಯ್ದೆ ಹುಟ್ಟಿದ ವರ್ಷದಲ್ಲೇ. ಸಾಕುಪ್ರಾಣಿ ವ್ಯಾಪಾರಕ್ಕೆಂದು ತಂದವು ಹಿತ್ತಿಲಿನಿಂದ ಕಾಡಿಗೆ ಹಬ್ಬಿ, ಅಲ್ಲಿಯ ಹುಳು, ಬಸವನಹುಳುಗಳಿಗೆ ಕಂಟಕವಾಗಿವೆ.

‘ಪ್ರಾಣಿ ಸಾಕಿದರೆ ಮಕ್ಕಳಿಗೆ ಜವಾಬ್ದಾರಿ ಬರುತ್ತದೆ’ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಮನೆಯಲ್ಲಿ ಆಡಿನ ಮರಿಯಿಲ್ಲವೇ? ಕರುವಿಲ್ಲವೇ? ಅದರ ಗಂಗೆದೊಗಲನ್ನು ಸವರಿದರೆ ಅದು ಕತ್ತು ಚಾಚುತ್ತದೆ; ಮಗುವಿನ ಪ್ರೀತಿಗೆ ಮರುಪ್ರೀತಿ ಕೊಡುತ್ತದೆ. ಸಗಣಿ ಬಳಿಯುವ ಜವಾಬ್ದಾರಿಯೂ ಅಲ್ಲಿ ಧಾರಾಳವಾಗಿದೆ! ಆದರೆ ಅದನ್ನು ಮಾಡಲು ಯಾವ ವಿಡಿಯೋ ನೋಡಿದ ಹುಡುಗನೂ ಮುಂದೆ ಬರುವುದಿಲ್ಲ.

ಕೊನೆಗೆ, ನನ್ನನ್ನು ನಿಜವಾಗಿ ಕೆರಳಿಸಿದ ಸಂಗತಿ. ಘಟಪ್ರಭೆಯ ನೀರು ಬಂದು ನಮ್ಮ ಭಾಗ ಕಬ್ಬಿನ ನಾಡಾಯಿತು, ಮನೆಗಳು ಮಾಳಿಗೆ ಕಂಡವು; ಸಂತೋಷ. ಆದರೆ ಇನ್ನೆರಡು ಸಾಲು ಕಬ್ಬು ಹೆಚ್ಚಿಗೆ ಹಚ್ಚುವ ಆಸೆಗೆ ಒಡ್ಡಿನ ಮೇಲಿನ ಜಾಲಿ, ಲಕ್ಕಿ, ಕಳ್ಳಿಸಾಲನ್ನು ಜೆಸಿಬಿ ತಂದು ಬುಡಸಮೇತ ಕೀಳಿಸಿ, ತಂತಿ ಎಳೆಯುತ್ತಿದ್ದೇವೆ. ತಂತಿಯ ಮೇಲೆ ಗೋಸುಂಬೆ ಬದುಕುವುದಿಲ್ಲ. ಒಂದು ಕಂಟಿಯಿಂದ ಇನ್ನೊಂದು ಕಂಟಿಗೆ ಹೋಗಲು ಅದು ರಸ್ತೆಗಿಳಿಯಬೇಕು; ಆ ನಡಿಗೆಯಲ್ಲಿ ರಸ್ತೆ ದಾಟುವುದೆಂದರೆ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಂತೆಯೇ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿದು ಮಣ್ಣು ತೋಡುತ್ತದೆ. ಆ ಒಡ್ಡಿನ ಮಣ್ಣನ್ನೇ ನಾವು ತಿರುವಿ ಹಾಕಿರುತ್ತೇವೆ. ಹೀಗೆ ಹತ್ತು ಗೋಸುಂಬೆಗಳ ಮನೆ ಕಿತ್ತು, ಹನ್ನೊಂದನೆಯದನ್ನು ಪಂಜರದಲ್ಲಿಟ್ಟು ‘ಸಾಕುತ್ತೇವೆ’ ಎನ್ನುವುದು ಯಾವ ನ್ಯಾಯ?

ತೇಜಸ್ವಿಯವರ ‘ಕರ್ವಾಲೊ’ವನ್ನು ಓದುವ ಹವ್ಯಾಸವಿದ್ದ ವಿದ್ಯಾರ್ಥಿಗಳಿಗೆ ನಾನು ಕೊಡುತ್ತಿದ್ದೆ. ಅಷ್ಟು ಕಷ್ಟಪಟ್ಟು ಬೆನ್ನಟ್ಟಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಗೆ ತೇಲಿ ಹೋಗುತ್ತದೆ. ಅದು ಸಿಗಲಿಲ್ಲವೆಂದು ಪುಸ್ತಕ ಮುಚ್ಚಿಟ್ಟು ಅತ್ತ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಮಕ್ಕಳಿಗೆ ಗೋಸುಂಬೆ ತೋರಿಸಲೇಬೇಕೆಂದರೆ ದಾರಿಯಿದೆ. ಹಗಲಲ್ಲಿ ಹುಡುಕಿದರೆ ಎಲೆಯ ನಡುವೆ ಕಾಣುವುದು ಕಷ್ಟ. ರಾತ್ರಿ ಊಟವಾದ ಮೇಲೆ ಕಾಲಿಗೆ ಬೂಟು ಹಾಕಿಕೊಂಡು (ಹಾವಿನ ಎಚ್ಚರ ಇರಲಿ), ಬ್ಯಾಟರಿ ಹಿಡಿದು, ಉಳಿದಿರುವ ಬೇಲಿಯ ಗುಂಟ ನಿಧಾನವಾಗಿ ನಡೆಯಿರಿ. ಕೊಂಬೆಯ ತುದಿಯಲ್ಲಿ ಬಾಲ ಸುತ್ತಿಕೊಂಡು ಮಲಗಿದ ಗೋಸುಂಬೆ ಬೆಳಕಿಗೆ ಬೆಳ್ಳಗೆ ಎದ್ದು ಕಾಣುತ್ತದೆ. ಮುಟ್ಟಬೇಡಿ, ಕೊಂಬೆ ಅಲುಗಿಸಬೇಡಿ, ಬೆಳಕನ್ನು ಬಹಳ ಹೊತ್ತು ಹಿಡಿಯಬೇಡಿ. ತಾರೀಖು, ಗಿಡದ ಹೆಸರು, ಕಂಡದ್ದೆಷ್ಟು ಎಂಬುದನ್ನು ಮಗುವಿನ ಕೈಯಿಂದಲೇ ಒಂದು ನೋಟುಪುಸ್ತಕದಲ್ಲಿ ಬರೆಸಿರಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಬೇಲಿಗೆ ಮತ್ತೆ ಕರೆದುಕೊಂಡು ಹೋಗಿರಿ. ಅಷ್ಟರೊಳಗೆ ಜೆಸಿಬಿಯವನಿಗೆ ಫೋನು ಮಾಡಬೇಡಿ.