ಆತ್ಮರಕ್ಷಣೆಯೇ ಅಪರಾಧವಾಗದಿರಲಿ

ರಾಯಬಾಗ ತಾಲ್ಲೂಕಿನ ಅಲಖನೂರದಂತಹ ಹಳ್ಳಿಗಳ ಹೊರವಲಯದಲ್ಲಿ, ಕಬ್ಬಿನ ಬೆಳೆಯ ನಡುವಿನ ತೋಟದ ಮನೆಗೆ ನಡುರಾತ್ರಿ ದುಷ್ಕರ್ಮಿಗಳು ನುಗ್ಗಿದರೆ, ಪೊಲೀಸರು ಬರುವವರೆಗೆ ಕಾಯುವ ಅವಕಾಶ ಮನೆಯವರಿಗೆ ಇರುವುದಿಲ್ಲ. ಕೈಗೆ ಸಿಕ್ಕ ಬಡಿಗೆಯೋ ಕುಡಗೋಲೋ ಅವರಿಗೆ ಆಸರೆ. ಆ ಏಟಿಗೆ ನುಗ್ಗಿದವನು ಸತ್ತರೆ, ಬೆಳಗಾಗುವಷ್ಟರಲ್ಲಿ ಮನೆಯ ಯಜಮಾನನೇ ಕೊಲೆ ಆರೋಪಿಯಾಗಬಹುದು.

ಕಾನೂನು ನಾಗರಿಕನ ಕೈಕಟ್ಟಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು, ಹಳೆಯ ದಂಡ ಸಂಹಿತೆಯಲ್ಲಿದ್ದ ಆತ್ಮರಕ್ಷಣೆಯ ಹಕ್ಕನ್ನು ಉಳಿಸಿಕೊಂಡಿವೆ. ಜೀವಭಯ, ಅತ್ಯಾಚಾರ, ಆಸಿಡ್ ದಾಳಿ, ಸುಲಿಗೆ, ರಾತ್ರಿ ಮನೆಗೆ ಕನ್ನ ಮುಂತಾದ ಸಂದರ್ಭಗಳಲ್ಲಿ ಈ ಹಕ್ಕು ಆಕ್ರಮಣಕಾರನ ಸಾವಿನವರೆಗೂ ವಿಸ್ತರಿಸಬಲ್ಲದು. ಅಪಾಯಕ್ಕೆ ಸಿಲುಕಿದವನು ಹೇಡಿಯಂತೆ ವರ್ತಿಸಬೇಕೆಂದು ಕಾನೂನು ಬಯಸುವುದಿಲ್ಲ ಎಂಬುದನ್ನು 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ತೊಡಕಿರುವುದು ಆಚರಣೆಯಲ್ಲಿ. ಆತ್ಮರಕ್ಷಣೆಗಾಗಿಯೇ ಹೊಡೆದೆ ಎಂದು ತೋರಿಸಿಕೊಡುವ ಹೊಣೆ ಆರೋಪಿಯದು. ಅದನ್ನು ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ, ಸಂಭವನೀಯವೆಂದು ತೋರಿಸಿದರೆ ಸಾಕು ಎಂಬುದೇನೋ ನಿಜ. ಆದರೆ ಆ ಮಾತು ನ್ಯಾಯಾಲಯದಲ್ಲಿ ಇತ್ಯರ್ಥವಾಗುವ ಹೊತ್ತಿಗೆ ಬಂಧನ, ಜಾಮೀನು, ವಕೀಲರ ಶುಲ್ಕಗಳ ಭಾರಕ್ಕೆ ಬಡ ಕುಟುಂಬ ಕುಸಿದಿರುತ್ತದೆ. ಖುಲಾಸೆ ಸಿಕ್ಕರೂ ಕಳೆದುಹೋದ ವರ್ಷಗಳು ಮರಳುವುದಿಲ್ಲ.

ಹಾಗೆಂದು ಈ ಹಕ್ಕು ಸೇಡಿನ ಪರವಾನಗಿಯಲ್ಲ. ಅಪಾಯ ತಪ್ಪಿಸಲು ಬೇಕಾದುದಕ್ಕಿಂತ ಹೆಚ್ಚಿನ ಬಲಪ್ರಯೋಗಕ್ಕೆ ಕಾನೂನಿನ ರಕ್ಷಣೆ ಇಲ್ಲ. ಸಿಕ್ಕಿಬಿದ್ದ ಕಳ್ಳನನ್ನು ಕಂಬಕ್ಕೆ ಕಟ್ಟಿ ಥಳಿಸುವುದು ಶುದ್ಧ ಅಪರಾಧ. ಕಣ್ಣೆದುರೇ ಗಂಭೀರ ಅಪರಾಧ ಎಸಗಿದವನನ್ನು ಸಾರ್ವಜನಿಕರು ಹಿಡಿಯಬಹುದು. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆ ವಿಧಿಸುತ್ತದೆ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಅಮಾಯಕ ಎಂಜಿನಿಯರ್ ಒಬ್ಬರನ್ನು ಬಡಿದು ಕೊಂದ ಘಟನೆಯನ್ನು ರಾಜ್ಯ ಮರೆಯಬಾರದು.

ಆದ್ದರಿಂದ ಪೊಲೀಸರು ಇಂತಹ ಪ್ರಕರಣಗಳಲ್ಲಿ ಸತ್ತವನ ಗಾಯಗಳಷ್ಟೇ ಕಾಳಜಿಯಿಂದ ಮನೆಯವರ ಗಾಯಗಳನ್ನೂ, ಮುರಿದ ಬಾಗಿಲನ್ನೂ ಮೊದಲ ದಿನವೇ ದಾಖಲಿಸಬೇಕು. ಆತ್ಮರಕ್ಷಣೆಯ ಅಂಶವನ್ನು ವಿಚಾರಣೆಯವರೆಗೆ ಮುಂದೂಡದೆ ತನಿಖೆಯಲ್ಲೇ ಪರಿಶೀಲಿಸಬೇಕು. ಒಂಟಿ ಮನೆಗಳಿರುವ ಕಡೆ ರಾತ್ರಿ ಗಸ್ತು ಹೆಚ್ಚಬೇಕು. ಹಕ್ಕು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಕಾನೂನು ಸೇವಾ ಪ್ರಾಧಿಕಾರಗಳು ಗ್ರಾಮಸಭೆಗಳಲ್ಲಿ ತಿಳಿಸಿಕೊಡಲಿ. ರಕ್ಷಣೆ ಕೊಡಲು ಸಕಾಲಕ್ಕೆ ಬಾರದ ವ್ಯವಸ್ಥೆ, ತನ್ನನ್ನು ತಾನು ಕಾಪಾಡಿಕೊಂಡವನನ್ನು ಕಟಕಟೆಯಲ್ಲಿ ವರ್ಷಗಟ್ಟಲೆ ನಿಲ್ಲಿಸುವುದು ನ್ಯಾಯವಲ್ಲ.