ಒಂದು ಬಟನ್, ಒಂದು ನಾಮಕರಣ

ಅಕ್ಕನ ಮಗನ ನಾಮಕರಣ ದಾವಣಗೆರೆಯಲ್ಲಿ, ಭಾನುವಾರ ಬೆಳಗ್ಗೆ. ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಬುಕ್ ಆಗಿತ್ತು, ಮಗುವಿಗೆ ಬೆಳ್ಳಿ ಕಾಲ್ಗೆಜ್ಜೆ ತಂದಿಟ್ಟಿದ್ದೆ. ಸಂಜೆ ಆರೂಕಾಲಿಗೆ ಆಫೀಸ್ ಗ್ರೂಪಿನಲ್ಲಿ ಮೆಸೇಜ್ ಬಂತು. ‘ರಾತ್ರಿ ರಿಲೀಸ್ ಇದೆ. 240 ಟೆಸ್ಟ್‌ನಲ್ಲಿ 163 ಕೆಂಪು. ಯಾರಾದ್ರೂ ನೋಡಿ.’

ಆ ‘ಯಾರಾದ್ರೂ’ ಅಂದ್ರೆ ನಾನೇ ಅಂತ ಎಲ್ಲರಿಗೂ ಗೊತ್ತಿತ್ತು.

ನೋಡಿದರೆ ಸೈಟ್‌ಗೆ ಏನೂ ಆಗಿರಲಿಲ್ಲ. ಡಿಸೈನ್ ಟೀಮಿನವರು ಲಾಗಿನ್ ಪೇಜಿನ ‘ಮುಂದುವರಿಸಿ’ ಬಟನ್ನನ್ನು ಒಂದು ಹೊಸ ಚೌಕದೊಳಗೆ ಕೂರಿಸಿದ್ದರು, ಅಷ್ಟೇ. ಮನುಷ್ಯರ ಕಣ್ಣಿಗೆ ಬಟನ್ ಅಲ್ಲೇ ಇತ್ತು. ನಮ್ಮ ಟೆಸ್ಟ್‌ಗಳಿಗೆ ಮಾತ್ರ ಅದು ಊರು ಬಿಟ್ಟು ಹೋಗಿತ್ತು. ಅದರ ವಿಳಾಸವನ್ನು ನಾವು 163 ಕಡೆ ಬರೆದಿದ್ದೆವು. ಒಂದೇ ಥರ ಬರೆದಿದ್ದರೆ ಫೈಂಡ್ ಆಂಡ್ ರಿಪ್ಲೇಸ್ ಮಾಡಿ ಬಸ್ ಹತ್ತಬಹುದಿತ್ತು. ಒಬ್ಬರು ಪೇಜಿನ ಮೇಲ್ತುದಿಯಿಂದ ಲೆಕ್ಕ ಹಾಕಿದ್ದರು, ಇನ್ನೊಬ್ಬರು ಬಟನ್ನಿನ ಬಣ್ಣದ ಕ್ಲಾಸ್ ಹಿಡಿದಿದ್ದರು, ಮತ್ತೊಬ್ಬರು ಅದರ ಮೇಲಿನ ಅಕ್ಷರ. ಒಂದೊಂದೇ ಫೈಲ್ ತೆಗೆದು ತಿದ್ದಿ ಮುಗಿಸುವಾಗ ಬೆಳಗಿನ ಜಾವ ನಾಲ್ಕು ಗಂಟೆ. ಬಸ್ಸು ಅಷ್ಟು ಹೊತ್ತಿಗೆ ಚಿತ್ರದುರ್ಗ ದಾಟಿರಬೇಕು.

‘ಸೋದರಮಾವನೇ ಇಲ್ದೆ ನಾಮಕರಣ ಮಾಡ್ದಂಗಾಯ್ತು’ ಅಂದರು ಅಮ್ಮ ಫೋನಿನಲ್ಲಿ. ಕಾರಣ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಲ್ಲ ಕಣೋ, ಒಂದು ಗುಂಡಿ ಜಾಗ ಬದಲಾದ್ರೆ ಒಂದು ಕಡೆ ತಾನೆ ತಿದ್ಬೇಕು?’

ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ಅವರು ಅವತ್ತು ಕೇಳಿದ್ದು ನಮ್ಮ ಫೀಲ್ಡಿನಲ್ಲಿ ‘ಪೇಜ್ ಆಬ್ಜೆಕ್ಟ್’ ಅಂತ ಕರೆಯೋ ವಿನ್ಯಾಸವನ್ನೇ.

ಈ ಕೆಲಸದಲ್ಲಿ ಇಲ್ಲದವರಿಗೆ ಎರಡು ಮಾತು. ವೆಬ್‌ಸೈಟ್ ಸರಿ ಇದೆಯಾ ಅಂತ ಪ್ರತಿ ಸಲ ಮನುಷ್ಯರೇ ಕೂತು ಕ್ಲಿಕ್ ಮಾಡಿ ನೋಡೋಕಾಗಲ್ಲ. ಅದಕ್ಕೆ ಒಂದು ಪ್ರೋಗ್ರಾಂ ಬರೀತೀವಿ. ಅದು ತಾನೇ ಬ್ರೌಸರ್ ತೆರೆದು, ಹೆಸರು ಟೈಪ್ ಮಾಡಿ, ಬಟನ್ ಒತ್ತಿ, ಬಂದ ಉತ್ತರ ಸರಿನಾ ಅಂತ ನೋಡುತ್ತೆ. ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಇದಕ್ಕೆ ಹೆಚ್ಚು ಜನ ಬಳಸೋ ಸಾಧನಗಳಲ್ಲಿ ಹಳೆಯದು ಸೆಲೆನಿಯಂ. 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್ ಆಫೀಸಿನಲ್ಲಿ ಜೇಸನ್ ಹಗಿನ್ಸ್ ಅನ್ನೋರು ಶುರು ಮಾಡಿದ್ದು. ಹೆಸರಿನ ಹಿಂದೆ ಒಂದು ತಮಾಷೆ ಇದೆ: ಆಗ ಈ ಮಾರುಕಟ್ಟೆಯಲ್ಲಿ ದೊಡ್ಡ ಕಂಪನಿ ಮರ್ಕ್ಯುರಿ, ಅಂದ್ರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಅಂತ ಅವರ ಜೋಕು. ಆಮೇಲೆ ಸೈಮನ್ ಸ್ಟೀವರ್ಟ್ ಬರೆದ ವೆಬ್‌ಡ್ರೈವರ್ ಇದರ ಜೊತೆ ಸೇರಿತು, 2018ರಲ್ಲಿ ಅದು ವೆಬ್‌ನ ಅಧಿಕೃತ ಸ್ಟ್ಯಾಂಡರ್ಡ್ ಕೂಡ ಆಯಿತು. ಈಗ ಮೈಕ್ರೋಸಾಫ್ಟ್‌ನ ಪ್ಲೇರೈಟ್ ಬಂದಿದೆ. ಸಾಧನ ಯಾವುದಾದರೂ ಇರಲಿ, ನಾನು ಹೇಳೋ ಗೋಳು ಎಲ್ಲದರಲ್ಲೂ ಒಂದೇ.

ಪೇಜ್ ಆಬ್ಜೆಕ್ಟ್ ಅಂದ್ರೆ ಇಷ್ಟೇ. ಲಾಗಿನ್ ಪೇಜಿಗೆ ಒಂದು ಕ್ಲಾಸ್. ಬಟನ್ ಎಲ್ಲಿದೆ, ಪಾಸ್‌ವರ್ಡ್ ಡಬ್ಬಿ ಎಲ್ಲಿದೆ ಅನ್ನೋದು ಅದಕ್ಕೊಂದಕ್ಕೇ ಗೊತ್ತು. ಟೆಸ್ಟ್ ಬಂದು ‘ಈ ಹೆಸರಲ್ಲಿ ಲಾಗಿನ್ ಮಾಡು’ ಅನ್ನುತ್ತೆ. ಹೇಗೆ ಅಂತ ಕೇಳಲ್ಲ. ಮನೆಯಲ್ಲಿ ‘ಒಂದು ಲೋಟ ಕಾಫಿ ಕೊಡು’ ಅಂತೀವಿ, ‘ಎರಡನೇ ಕಪಾಟು, ಎಡಗಡೆ ಡಬ್ಬಿ’ ಅಂತ ಹೇಳ್ತೀವಾ? ಡಬ್ಬಿ ಜಾಗ ಬದಲಾದರೆ ಅಡುಗೆಮನೆಯವರಿಗೆ ಮಾತ್ರ ಗೊತ್ತಿದ್ದರೆ ಸಾಕು.

ಮುಂದಿನ ತಿಂಗಳು ಪೂರ್ತಿ, ಬೇರೆ ಕೆಲಸದ ನಡುವೆ, ನಾನು ಇದನ್ನೇ ಮಾಡಿದೆ. ಹೊಸದಾಗಿ ಕಲಿತವನ ಉತ್ಸಾಹ ನೋಡಿ, ಅತಿ ಮಾಡಿದೆ. ಬುಕಿಂಗ್ ಪೇಜಿನ ಕ್ಲಾಸ್ ಒಂದು ಸಾವಿರ ಸಾಲು ದಾಟಿತು. ಕ್ಯಾಲೆಂಡರ್, ವಿಳಾಸ, ಕೂಪನ್, ಮೇಲಿನ ಮೆನು, ಎಲ್ಲ ಒಂದೇ ಮೂಟೆಯಲ್ಲಿ. ಮಾರ್ಟಿನ್ ಫೌಲರ್ 2013ರಲ್ಲಿ ಈ ವಿನ್ಯಾಸದ ಬಗ್ಗೆ ಬರೆದಾಗಲೇ ಎಚ್ಚರಿಸಿದ್ದರು: ಹೆಸರಿನಲ್ಲಿ ಪೇಜ್ ಅಂತ ಇದ್ದರೂ ಇಡೀ ಪೇಜಿಗೆ ಒಂದು ಮಾಡಬೇಡಿ, ಪೇಜಿನ ಮುಖ್ಯ ಭಾಗಗಳಿಗೆ ಒಂದೊಂದು ಮಾಡಿ ಅಂತ. ನಾನು ಓದಿದ್ದು ಅರ್ಧ. ಆಮೇಲೆ ಕ್ಯಾಲೆಂಡರಿಗೊಂದು, ವಿಳಾಸದ ಫಾರ್ಮಿಗೊಂದು ಅಂತ ಒಡೆದೆ. ಅದೇ ಕ್ಯಾಲೆಂಡರ್ ಮೂರು ಪೇಜಿನಲ್ಲಿತ್ತು, ಮೂರು ಸಲ ಬರೆದಿದ್ದೆ ಅಂತ ಆಗ ಗೊತ್ತಾಯಿತು. ಇನ್ನೊಂದು ತಪ್ಪು, ‘ಹಣ ಸರಿಯಾಗಿದೆಯಾ’ ಅನ್ನೋ ತಪಾಸಣೆಯನ್ನೂ ಕ್ಲಾಸಿನೊಳಗೇ ತುರುಕಿದ್ದು. ಪೇಜ್ ಏನು ಕಾಣ್ತಿದೆ ಅಂತ ಹೇಳಬೇಕು, ಅದು ಸರಿನಾ ತಪ್ಪಾ ಅಂತ ಟೆಸ್ಟ್ ತೀರ್ಮಾನ ಮಾಡಬೇಕು. ಎರಡೂ ಕಲಸಿದರೆ ಕೆಂಪು ಬಂದಾಗ ಯಾರನ್ನು ಕೇಳೋದು ಅಂತಲೇ ತಿಳಿಯಲ್ಲ.

ಇಷ್ಟಾದ ಮೇಲೆ ಬಟನ್ ಬದಲಾದರೆ ಒಂದೇ ಕಡೆ ತಿದ್ದೋ ಹಾಗಾಯಿತು. ಆದರೆ ಕೆಂಪು ನಿಲ್ಲಲಿಲ್ಲ. ಒಂದು ದಿನ ಏಳು ಕೆಂಪು, ಮರುದಿನ ಮೂರು, ಅದೂ ಬೇರೆ ಮೂರು. ಮತ್ತೆ ಓಡಿಸಿದರೆ ಹಸಿರು. ನಮ್ಮಲ್ಲಿ ಇದಕ್ಕೆ ಫ್ಲೇಕಿ ಅಂತೀವಿ. ಒಮ್ಮೆ ಹೌದು ಒಮ್ಮೆ ಇಲ್ಲ ಅನ್ನೋ ಮನುಷ್ಯನ ಥರ. ಅದಕ್ಕೆ ನಾವು ಕಂಡುಕೊಂಡ ಪರಿಹಾರ ‘ರೀರನ್’. ಮೂರು ಸಲ ತಾನೇ ಓಡೋ ಹಾಗೆ ಸೆಟ್ ಮಾಡಿದ್ದೆವು, ಒಂದು ಸಲ ಪಾಸಾದರೂ ಪಾಸು.

ಇನ್ನು ಮುಂದಿನದು ಬರೆಯೋಕೆ ಅಷ್ಟು ಖುಷಿ ಇಲ್ಲ.

ನಮ್ಮದು ಮನೆಗೇ ಬಂದು ರಕ್ತ ತಗೊಂಡು ಹೋಗೋ ಲ್ಯಾಬ್ ಒಂದರ ಬುಕಿಂಗ್ ಸೈಟ್. ಟೀಮಿಗೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿಯೊಬ್ಬಳು ಬುಕಿಂಗ್‌ಗೆ ಹೊಸ ಟೆಸ್ಟ್ ಬರೆದಿದ್ದಳು. ಅದು ಆಗಾಗ ಕೆಂಪಾಗುತ್ತಿತ್ತು. ‘ಸರ್, ಕೆಲವು ಸಲ ಎರಡು ಬುಕಿಂಗ್ ಆಗ್ತಿದೆ ಅನ್ಸುತ್ತೆ’ ಅಂತ ಬಂದು ಹೇಳಿದಳು. ಸರ್ ಅನ್ನಬೇಡ ಅಂದರೂ ಬಿಡುತ್ತಿರಲಿಲ್ಲ. ನಾನು ಸ್ಕ್ರೀನಿನಿಂದ ಕಣ್ಣು ಕೂಡ ತೆಗೆಯದೆ, ‘ಫ್ಲೇಕಿ ಇರ್ಬೇಕು, ರೀರನ್ ಮಾಡು’ ಅಂದೆ. ರೀರನ್ ಮಾಡಿದಳು. ಹಸಿರಾಯಿತು. ರಿಲೀಸ್ ಆಯಿತು.

ಫ್ಲೇಕಿ ಆಗಿರಲಿಲ್ಲ. ನೆಟ್ ನಿಧಾನವಾದಾಗ ಬಟನ್ ಒತ್ತಿದ ಮೇಲೂ ಅದು ಒತ್ತೋ ಹಾಗೇ ಉಳಿಯುತ್ತಿತ್ತು. ಏನೂ ಆಗಲಿಲ್ಲವಲ್ಲ ಅಂತ ಜನ ಇನ್ನೊಮ್ಮೆ ಒತ್ತುತ್ತಿದ್ದರು. ಎರಡು ಬುಕಿಂಗ್, ಎರಡು ಸಲ ಹಣ ಕಟ್. ಒಂದು ಮನೆಗೆ ಬೆಳಗ್ಗೆ ಆರಕ್ಕೆ ಒಬ್ಬರು ಬಂದು ರಕ್ತ ತಗೊಂಡು ಹೋಗಿ, ಅರ್ಧ ಗಂಟೆಗೆ ಇನ್ನೊಬ್ಬರು ಬಂದು ಬೆಲ್ ಮಾಡಿದ್ದರು. ಮನೆಯಲ್ಲಿದ್ದದ್ದು ವಯಸ್ಸಾದವರು ಒಬ್ಬರೇ. ಮೊದಲನೆಯದು ಸರಿ ಬಂದಿಲ್ಲವೇನೋ ಅಂತ ಅವರು ಮತ್ತೆ ತೋಳು ಚಾಚಿದ್ದರಂತೆ. ಕಂಪ್ಲೇಂಟ್‌ನಲ್ಲಿ ಅವರ ಮಗಳು ಬರೆದಿದ್ದ ಆ ಸಾಲನ್ನು ನಾನು ಮೂರ್ನಾಲ್ಕು ಸಲ ಓದಿದೆ.

ಮೀಟಿಂಗಿನಲ್ಲಿ ‘ಟೆಸ್ಟ್ ಯಾರು ಬರೆದದ್ದು’ ಅಂತ ಕೇಳಿದರು. ಅವಳ ಮುಖ ಬಿಳಿಚಿಕೊಂಡಿತು. ‘ಟೆಸ್ಟ್ ಹಿಡಿದಿತ್ತು, ನಾನೇ ಬಿಟ್ಟುಬಿಡು ಅಂದೆ’ ಅಂತ ಹೇಳಿದೆ. ಹೇಳೋಕೆ ಮುಂಚೆ ಎರಡು ಸೆಕೆಂಡ್ ಯೋಚಿಸಿದ್ದೂ ನಿಜ.

ಅವತ್ತು ರಾತ್ರಿ ಕೂತು ಒಂದು ಲೆಕ್ಕ ಹಾಕಿದೆ. ಒಂದು ಟೆಸ್ಟ್ ಸುಳ್ಳೇ ಕೆಂಪಾಗೋದು ಇನ್ನೂರಕ್ಕೆ ಒಂದು ಸಲ ಅಂತಿಟ್ಟುಕೊಳ್ಳಿ. ಅಂದ್ರೆ ಶೇಕಡ 99.5 ನಂಬಿಕಸ್ಥ, ಕೇಳೋಕೆ ಚೆನ್ನಾಗಿದೆ. ಅಂಥ 240 ಟೆಸ್ಟ್ ಒಟ್ಟಿಗೆ ಓಡಿದರೆ ಎಲ್ಲವೂ ಹಸಿರಾಗೋ ಸಾಧ್ಯತೆ ಸುಮಾರು ಶೇಕಡ 30. ಹತ್ತರಲ್ಲಿ ಏಳು ದಿನ ಕಾರಣವಿಲ್ಲದೆ ಕೆಂಪು. ದಿನಾ ತೋಳ ಬಂತು ತೋಳ ಅಂತ ಕೂಗೋ ಹುಡುಗನನ್ನು ನಾವೇ ಸಾಕಿದ್ದೆವು.

ಆಮೇಲೆ ಮಾಡಿದ್ದರಲ್ಲಿ ಮೊದಲನೆಯದು, ನಿದ್ದೆ ತೆಗೆದದ್ದು. ಪೇಜ್ ಬರೋವರೆಗೆ ಐದು ಸೆಕೆಂಡ್ ಸುಮ್ಮನಿರು ಅಂತ ಪ್ರತಿ ಟೆಸ್ಟಿನಲ್ಲೂ ಸರಾಸರಿ ಮೂರು ಕಡೆ ‘ಸ್ಲೀಪ್’ ಹಾಕಿದ್ದೆವು. 240 ಟೆಸ್ಟ್, ಮೂರು ಸಲ, ಐದು ಸೆಕೆಂಡ್. ಸರಿಯಾಗಿ ಒಂದು ಗಂಟೆ ನಮ್ಮ ಮೆಷಿನ್ ಬರೀ ಮಲಗಿರುತ್ತಿತ್ತು. ಪೇಜ್ ಒಂದು ಸೆಕೆಂಡಿಗೆ ಬಂದರೂ ನಾಲ್ಕು ಸೆಕೆಂಡ್ ದಂಡ, ಆರು ಸೆಕೆಂಡ್ ತಗೊಂಡರೆ ಕೆಂಪು. ಅದರ ಬದಲು ‘ಬಟನ್ ಕಾಣೋವರೆಗೆ ಕಾಯಿ, ಕಂಡ ತಕ್ಷಣ ಮುಂದೆ ಹೋಗು’ ಅಂತ ಷರತ್ತು ಹಾಕಿ ಕಾಯಿಸಬೇಕು. ಸೆಲೆನಿಯಂನಲ್ಲಿ ಇದನ್ನು ನಾವೇ ಬರೆಯಬೇಕು. ಪ್ಲೇರೈಟ್ ಕ್ಲಿಕ್ ಮಾಡೋ ಮುಂಚೆ ಬಟನ್ ಕಾಣ್ತಿದೆಯಾ, ಒತ್ತೋ ಸ್ಥಿತಿಯಲ್ಲಿದೆಯಾ ಅಂತ ತಾನೇ ನೋಡಿಕೊಳ್ಳುತ್ತೆ.

ಎರಡನೆಯದು ಡೇಟಾ. ಎಲ್ಲ ಟೆಸ್ಟ್‌ಗಳೂ ಒಂದೇ ಯೂಸರ್ ಅಕೌಂಟ್ ಬಳಸುತ್ತಿದ್ದವು. ಒಂದು ಟೆಸ್ಟ್ ಕಾರ್ಟಿಗೆ ಏನೋ ಹಾಕುತ್ತಿತ್ತು, ಪಕ್ಕದಲ್ಲಿ ಓಡುತ್ತಿದ್ದ ಇನ್ನೊಂದು ‘ಕಾರ್ಟ್ ಖಾಲಿ ಇರಬೇಕಿತ್ತಲ್ಲ’ ಅಂತ ಕೆಂಪಾಗುತ್ತಿತ್ತು. ಪಿಜಿಯಲ್ಲಿ ಒಂದೇ ಸೋಪು ಎಂಟು ಜನ ಬಳಸಿದ ಹಾಗೆ. ಈಗ ಪ್ರತಿ ಟೆಸ್ಟ್ ತನಗೆ ಬೇಕಾದ ಯೂಸರನ್ನು ತಾನೇ ಹುಟ್ಟಿಸಿಕೊಳ್ಳುತ್ತೆ, ಅದೂ ಸ್ಕ್ರೀನಿನಲ್ಲಿ ಫಾರ್ಮ್ ತುಂಬಿಸಿ ಅಲ್ಲ, ನೇರ ಎಪಿಐ ಮೂಲಕ.

ಮೂರನೆಯದಕ್ಕೆ ಜಗಳವೇ ಆಯಿತು. ಬ್ರೌಸರ್ ಟೆಸ್ಟ್‌ಗಳನ್ನು 240ರಿಂದ 70ಕ್ಕೆ ಇಳಿಸೋಣ ಅಂದೆ. ಇಷ್ಟು ವರ್ಷ ರಿಪೋರ್ಟಿನಲ್ಲಿ ದೊಡ್ಡ ಸಂಖ್ಯೆ ತೋರಿಸಿ ಅಭ್ಯಾಸವಾದವರಿಗೆ ಇದು ಕಹಿ. ಕೂಪನ್ ಲೆಕ್ಕ, ಪಿನ್‌ಕೋಡ್ ತಪಾಸಣೆ, ಇವಕ್ಕೆಲ್ಲ ಬ್ರೌಸರ್ ಬೇಕಾಗಿಲ್ಲ, ಕೆಳಗಿನ ಮಟ್ಟದಲ್ಲೇ ಸೆಕೆಂಡಿನೊಳಗೆ ನೋಡಬಹುದು. ಮೈಕ್ ಕೋನ್ 2009ರ ಪುಸ್ತಕದಲ್ಲಿ ಹೇಳಿದ ಪಿರಮಿಡ್ ಇದೇ: ತಳದಲ್ಲಿ ಸಣ್ಣ ಟೆಸ್ಟ್‌ಗಳು ಹೆಚ್ಚು, ತುದಿಯಲ್ಲಿ ಸ್ಕ್ರೀನ್ ಟೆಸ್ಟ್‌ಗಳು ಕಡಿಮೆ. ನಮ್ಮದು ತಲೆಕೆಳಗಾಗಿ ನಿಂತಿತ್ತು. ಎರಡು ವಾರ ವಾದ ಆದ ಮೇಲೆ ಒಪ್ಪಿದರು. ಆಟೋ ರೀರನ್ ಕೂಡ ತೆಗೆಸಿದೆ.

ಬಟನ್ ಹುಡುಕೋ ರೀತಿಯೂ ಬದಲಾಯಿತು. ಮೊದಲು ‘ಮೂರನೇ ಚೌಕದ ಒಳಗಿನ ಎರಡನೇ ಚೌಕ’ ಅಂತಿತ್ತು. ಈಗ ‘ಮುಂದುವರಿಸಿ ಅನ್ನೋ ಹೆಸರಿನ ಬಟನ್’ ಅಂತ ಕೇಳ್ತೀವಿ. ಹಳ್ಳಿಯಲ್ಲಿ ಮನೆ ನಂಬರ್ ಹೇಳಿದರೆ ಯಾರಿಗೂ ಗೊತ್ತಾಗಲ್ಲ, ಮನೆಯವರ ಹೆಸರು ಹೇಳಿದರೆ ಕೈಹಿಡಿದು ಕರ್ಕೊಂಡು ಹೋಗಿ ಬಿಡ್ತಾರಲ್ಲ, ಹಾಗೆ. ಹೀಗೆ ಕೇಳಿದಾಗ ಕೆಲವು ಬಟನ್ ಸಿಗಲೇ ಇಲ್ಲ. ಯಾಕೆ ನೋಡಿದರೆ, ಅವು ಬಟನ್ನೇ ಅಲ್ಲ, ಬಟನ್ ಥರ ಬಣ್ಣ ಬಳಿದ ಬರೀ ಚೌಕಗಳು. ಕಣ್ಣು ಕಾಣದವರು ಬಳಸೋ ಸ್ಕ್ರೀನ್ ರೀಡರಿಗೂ ಅವು ಬಟನ್ ಅಂತ ಗೊತ್ತಾಗುತ್ತಿರಲಿಲ್ಲ. ಇದನ್ನು ತೋರಿಸಿದ್ದು ಆ ಹುಡುಗಿಯೇ. ಈ ಸಲ ಸ್ಕ್ರೀನ್ ಬಿಟ್ಟು ಅವಳ ಕಡೆ ತಿರುಗಿ ಕೂತು ಕೇಳಿದೆ.

ಕಳೆದ ತಿಂಗಳು ಲಾಗಿನ್ ಪೇಜ್ ಮತ್ತೆ ಬದಲಾಯಿತು. ಒಂದು ಫೈಲ್, ಎರಡು ಸಾಲು. ಊಟಕ್ಕೆ ಹೋಗೋ ಮುಂಚೆ ಮುಗಿಯಿತು. ಹಾಗಂತ ಎಲ್ಲ ಸರಿ ಹೋಗಿದೆ ಅಂತಲ್ಲ. ಹಣ ಕಟ್ಟೋ ಪೇಜ್ ನಮ್ಮದಲ್ಲ, ಬೇರೆಯವರದು ನಮ್ಮ ಪೇಜಿನೊಳಗೆ ಕಿಟಕಿಯ ಥರ ತೆರೆದುಕೊಳ್ಳುತ್ತೆ. ಅದು ಯಾವಾಗ ರೆಡಿ ಆಯಿತು ಅಂತ ತಿಳಿಯೋ ದಾರಿ ಇನ್ನೂ ಸಿಕ್ಕಿಲ್ಲ. ಅಲ್ಲೊಂದು ಎರಡು ಸೆಕೆಂಡಿನ ಸ್ಲೀಪ್ ಹಾಗೇ ಇದೆ. ಮೇಲೆ ಕಾಮೆಂಟ್ ಬರೆದಿಟ್ಟಿದ್ದೇನೆ: ‘ನಾಚಿಕೆಯಾಗುತ್ತೆ, ಆದರೆ ತೆಗೆಯಬೇಡಿ.’

ಬರೋ ಶನಿವಾರ ಅಳಿಯನ ಎರಡನೇ ಹುಟ್ಟುಹಬ್ಬ. ಟಿಕೆಟ್ ಶುಕ್ರವಾರ ರಾತ್ರಿಗೇ ಮಾಡಿಸಿದ್ದೇನೆ. ಕಾಲ್ಗೆಜ್ಜೆ ಈಗ ಅವನಿಗೆ ಆಗಲ್ಲ.